ಹಗಲು ಹೇಳಿದ ಕತೆ

ಮಕ್ಕಳ ಕತೆ ಬರೆಯುವವರ ಮೇಲೆ ನನಗೊಂದು ಹಳೇ ಸಿಟ್ಟಿದೆ. ಅವರ ಕತೆಗಳಲ್ಲಿ ಕಾಡಿಗೆ ಹೋದವರು ಯಾರೂ ಕಳೆದುಹೋಗುವುದಿಲ್ಲ. ರಾಕ್ಷಸ ಸಿಗುತ್ತಾನೆ, ಮಾತಾಡುವ ಹಕ್ಕಿ ಸಿಗುತ್ತದೆ, ನಾಲ್ಕು ಪುಟ ಕಷ್ಟಪಡುತ್ತಾರೆ, ಐದನೇ ಪುಟಕ್ಕೆ ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂರುತ್ತಾರೆ. ನಮ್ಮೂರು ಹಂಗಳ. ಹೊಲ ಮುಗಿದ ಕಡೆ ಕಾಡು ಶುರು. ಕಾಡು ಹಾಗಲ್ಲ ಎಂದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನಮಗೆ ಗೊತ್ತಿರಬೇಕಿತ್ತು. ಆದರೂ ಆ ಕತೆಗಳಿಗೆ ನನ್ನಷ್ಟು ಮರುಳಾದವಳು ನಮ್ಮ ಬೀದಿಯಲ್ಲೇ ಇರಲಿಲ್ಲ.

ಹುಚ್ಚು ಹಿಡಿಸಿದವನು ಮಾವ. ಅವ್ವನಿಗಿದ್ದ ಒಬ್ಬನೇ ತಮ್ಮ. ಅವನ ಮನೆ ಚಂದಕವಾಡಿಯಲ್ಲಿ, ಅಜ್ಜಿಯ ಜೊತೆ. ಬೇಸಿಗೆ ಬಂತೆಂದರೆ ಕೇರಳದ ರಸ್ತೆಯಲ್ಲಿರುವ ಮದ್ದೂರು ಕಡೆಯ ಕಾಡಿನಲ್ಲಿ ಬೆಂಕಿ ಕಾವಲಿನ ಕೂಲಿಗೆ ಸೇರುತ್ತಿದ್ದ. ಬೆಂಕಿ ಹರಡದ ಹಾಗೆ ತರಗೆಲೆ ಗುಡಿಸಿ ಬಯಲು ಮಾಡುವುದು, ಹೊಗೆ ಕಂಡರೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಓಡುವುದು ಕೆಲಸ. ಶನಿವಾರ ಸಾಯಂಕಾಲ ನಮ್ಮ ಮನೆಗೆ ಬರುತ್ತಿದ್ದ. ಬಸ್ಸಿನಲ್ಲಾದರೆ ಗುಂಡ್ಲುಪೇಟೆಗೆ ಹೋಗಿ ಸುತ್ತಿಕೊಂಡು ಬರಬೇಕು. ಅವನು ಕಾಡಂಚಿನ ಕಾಲುದಾರಿ ಹಿಡಿದು ನಡೆದೇ ಬರುತ್ತಿದ್ದ. ತಿಂಗಳಿಗೊಮ್ಮೆ ಅವನ ಬಟ್ಟೆ ಬ್ಯಾಗಿನಲ್ಲಿ ನನಗೊಂದು ಮಕ್ಕಳ ಪತ್ರಿಕೆ ಇರುತ್ತಿತ್ತು. ಪರಿಚಯದ ಕಂಡಕ್ಟರಿಗೆ ಹೇಳಿ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಿಂದ ತರಿಸುತ್ತಿದ್ದ.

ಮಾವ ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ತಾನು ಅಕ್ಷರ ಕೂಡಿಸುವಷ್ಟರಲ್ಲಿ ಕತೆ ಆರಿ ತಣ್ಣಗಾಗುತ್ತದೆ ಎನ್ನುತ್ತಿದ್ದ. ಹಾಗಾಗಿ ಓದುವವಳು ನಾನು, ಕೇಳುವವನು ಅವನು. ನನಗೆ ಹತ್ತು ತುಂಬಿದ ವರ್ಷ ಅದರಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಮೇಕೆ ಕಾಯುವ ಹುಡುಗಿಯೊಬ್ಬಳಿಗೆ ಒಂದು ಗಂಟೆ ಸಿಗುತ್ತದೆ. ಅದನ್ನು ಅಲ್ಲಾಡಿಸಿದರೆ ಬೆಟ್ಟದಲ್ಲಿ ಬಾಗಿಲು ತೆರೆಯುತ್ತದೆ. ಒಟ್ಟು ಏಳು ಬಾಗಿಲು, ತಿಂಗಳಿಗೊಂದು. ಏಳನೆಯದರ ಹಿಂದೆ ಅವಳ ಊರಿನಿಂದ ಕಾಣೆಯಾದವರೆಲ್ಲ ಇದ್ದಾರೆ.

“ಆ ಬೆಟ್ಟ ನಾನು ಕಾಯೋ ಕಡೇಲೇ ಅದೆ ಕಣಮ್ಮಿ” ಎಂದು ಮಾವ ಗಂಭೀರವಾಗಿ ಹೇಳುತ್ತಿದ್ದ. “ದಿನಾ ಅದ್ರ ಮುಂದೇನೇ ಓಗಿ ಬತ್ತೀನಿ. ಆರು ಬಾಗ್ಲು ಎಣ್ಸಿವ್ನಿ. ಏಳ್ನೇದು ಲಂಟಾನದ ಪೊದೇಲಿ ಮುಚ್ಕಂಡದೆ.”

ನಾನು ನಂಬುತ್ತಿದ್ದೆ. ಮಾವ ಹೇಳಿದ್ದನ್ನು ನಂಬದೆ ಇನ್ನೇನನ್ನು ನಂಬುವುದು?

ನಮ್ಮ ಕಡೆ ಒಂದು ಮಾತಿದೆ. ಹಗಲು ಹೊತ್ತು ಕತೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ. ಕೆಲಸದ ಹೊತ್ತಿನಲ್ಲಿ ಮಕ್ಕಳು ಬಾಯಿ ಬಿಟ್ಟುಕೊಂಡು ಕೂರದಿರಲಿ ಎಂದು ಯಾವಳೋ ಜಾಣೆ ಕಟ್ಟಿದ ಮಾತು ಎಂದು ಇವತ್ತು ನಾನು ಯಾರಿಗೆ ಬೇಕಾದರೂ ವಿವರಿಸಬಲ್ಲೆ. ಹತ್ತು ವರ್ಷದವಳಿಗೆ ಅದು ಬೆಂಕಿ ಮುಟ್ಟಿದರೆ ಸುಡುತ್ತದೆ ಎನ್ನುವಷ್ಟೇ ನಿಜವಾಗಿತ್ತು. ಮಾವನೂ ಅದನ್ನೇ ಹಿಡಿದು ರೇಗಿಸುತ್ತಿದ್ದ. “ಹಗಲೊತ್ತು ಬಾಯಿ ಬಿಟ್ಟೀಯೆ! ಆಮ್ಯಾಲೆ ನಾನು ಮದ್ದೂರಿಂದ ಒಂಟೋನು ಊಟೀಲಿ ಓಗಿ ನಿಂತ್ಕತೀನಿ.”

ತೊಂಬತ್ತರ ದಶಕದ ಮೊದಲ ವರ್ಷಗಳು. ಹುಣಸೆಹಣ್ಣಿನ ಕಾಲ. ಶನಿವಾರವಾದ್ದರಿಂದ ಬೆಳಗಿನ ಸ್ಕೂಲು ಮುಗಿಸಿ ಬಂದಿದ್ದೆ. ನಮ್ಮ ಜಗಲಿಯ ಮೇಲೆ ರಾಶಿ ಹಣ್ಣು ಬಿದ್ದಿತ್ತು. ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ಬಿಡಿಸಬೇಕು. ಬಿಡಿಸಿದ ಬೀಜ ಹುರಿದುಕೊಡುತ್ತೇನೆಂದು ಆಸೆ ತೋರಿಸಿ ಬೀದಿಯ ನಾಲ್ಕು ಮಕ್ಕಳನ್ನು ಕೂರಿಸಿಕೊಂಡಿದ್ದೆ. ಅರ್ಧ ಗಂಟೆಗೆ ಅವುಗಳಿಗೆ ಬೇಜಾರು ಬಂತು. ಒಬ್ಬಳು ಲಂಗ ಕೊಡವಿಕೊಂಡು ಎದ್ದೇಬಿಟ್ಟಳು. ಅವರೆಲ್ಲ ಹೋದರೆ ಅಷ್ಟು ರಾಶಿಯೂ ನನ್ನ ತಲೆಗೇ ಬರುತ್ತದೆ. “ಕೂತ್ಕಳಿ, ಕತೆ ಏಳ್ತೀನಿ” ಎಂದೆ.

ಅವ್ವ ನಾಲ್ಕು ಹೆಜ್ಜೆ ಆಚೆ ನಮ್ಮ ಕಡೆ ಬೆನ್ನು ಹಾಕಿ ಹಣ್ಣಿನ ನಾರು ಬಿಡಿಸುತ್ತಿದ್ದಳು. ಈಗ ಗದರುತ್ತಾಳೆ, ಈಗ ಗದರುತ್ತಾಳೆ ಎಂದು ಕಾಯುತ್ತಲೇ ಶುರು ಮಾಡಿದೆ. ಮೊದಲನೇ ಬಾಗಿಲು ತೆರೆಯಿತು. ಅವ್ವ ಗದರಲಿಲ್ಲ. ಎರಡನೆಯದು, ಮೂರನೆಯದು. ಅವ್ವ ತಿರುಗಿ ನೋಡಲಿಲ್ಲ. ಅವಳು ಸುಮ್ಮನಿದ್ದಾಳೆ ಅಂದಮೇಲೆ ಪರವಾಗಿಲ್ಲ ಎಂದುಕೊಂಡೆ. ಮಕ್ಕಳ ಕೈ ಓಡತೊಡಗಿತು, ನನ್ನ ಬಾಯಿಯೂ ಓಡಿತು. ಆರು ಬಾಗಿಲನ್ನೂ ತೆರೆದು ಮುಗಿಸಿದಾಗ ಬಿಸಿಲು ಇನ್ನೂ ನೆತ್ತಿಯಿಂದ ಅಷ್ಟು ಇಳಿದಿರಲಿಲ್ಲ. “ಏಳ್ನೇದು?” ಎಂದವು ಮಕ್ಕಳು. “ಸಾಯಂಕಾಲ ನಮ್ಮಾವ ತತ್ತಾನೆ” ಎಂದೆ.

ಮಾವ ಬರಲಿಲ್ಲ.

ಭಾನುವಾರವೂ ಬರಲಿಲ್ಲ. ಸೋಮವಾರ ಅಪ್ಪ ಮದ್ದೂರಿಗೆ ಹೋದ. ಶನಿವಾರ ಮಧ್ಯಾಹ್ನವೇ ಹೊರಟನಲ್ಲ ಎಂದರಂತೆ ಅವನ ಜೊತೆ ಕೆಲಸ ಮಾಡುವವರು. ಎಲ್ಲರೂ ಸೇರಿ ಕಾಡು ಹುಡುಕಿದರು. ಮೂರನೇ ದಿನ ಒಂದು ಹಳ್ಳದ ಹತ್ತಿರ ಅವನ ಬ್ಯಾಗು ಸಿಕ್ಕಿತು. ನೀರು ಕುಡಿಯಲು ಇಳಿಯುವವನ ಹಾಗೆ ಕೊಂಬೆಗೆ ನೇತುಹಾಕಿದ್ದನಂತೆ. ಅದರಿಂದಾಚೆ ಒಂದು ಹೆಜ್ಜೆಯ ಗುರುತಿಲ್ಲ, ಬಟ್ಟೆಯ ಚೂರಿಲ್ಲ. ಆನೆ ಎಂದರು, ಹುಲಿ ಎಂದರು, ಕೇರಳಕ್ಕೆ ಓಡಿಹೋಗಿರಬೇಕು ಎಂದವರೂ ಇದ್ದರು. ಬಾಯಿಗೆ ಬಂದಿದ್ದನ್ನು ಹೇಳಿ ಹೋಗಲು ಯಾರಿಗೆ ಏನು ಕಷ್ಟ?

ಏನಾಯಿತೆಂದು ನನಗೊಬ್ಬಳಿಗೆ ಗೊತ್ತಿತ್ತು. ಬ್ಯಾಗಿನಲ್ಲಿ ಟವೆಲ್ಲು, ಊಟದ ಡಬ್ಬಿ ಇತ್ತು ಎಂದು ಅವ್ವ ಹೇಳಿದಳು. ಪತ್ರಿಕೆಯ ಮಾತೆತ್ತಲು ನನಗೆ ಧೈರ್ಯವಾಗಲಿಲ್ಲ. ಎತ್ತಿದರೆ ಕತೆಯ ಮಾತು ಬರುತ್ತದೆ, ಕತೆಯ ಮಾತು ಬಂದರೆ ಹಗಲಿನ ಮಾತು ಬರುತ್ತದೆ. ಆ ಜಗಲಿಯ ಮೇಲೆ ಕೂತಿದ್ದ ಉಳಿದ ನಾಲ್ಕು ಮಕ್ಕಳ ಮಾವಂದಿರೂ ಆರಾಮವಾಗಿದ್ದರು. ಕತೆ ಹೇಳಿದವಳು ನಾನು, ಕಳೆದುಹೋದವನು ನನ್ನ ಮಾವ. ಲೆಕ್ಕ ಅಷ್ಟು ಸರಿಯಾಗಿತ್ತು.

ಒಂದು ಮಧ್ಯಾಹ್ನ ನಮ್ಮ ಹಸುವಿನ ಕೊರಳಿನ ಗಂಟೆ ಬಿಚ್ಚಿಕೊಂಡು ಹೊಲ ದಾಟಿ ಆನೆ ದಾಟದಿರಲೆಂದು ತೋಡಿದ ಟ್ರಂಚಿನವರೆಗೆ ಹೋದೆ. ಗುಡ್ಡದ ಕಡೆ ತಿರುಗಿ ಗಂಟೆ ಆಡಿಸಿದೆ. ಕೈ ಸೋಲುವವರೆಗೂ ಆಡಿಸಿದೆ. ಒಣಗಿದ ಕಾಡು ಇದ್ದ ಹಾಗೇ ಇತ್ತು. “ಮಾವ, ಇನ್ ಕತೆ ಏಳಲ್ಲ, ಬಾ” ಎಂದು ಕೂಗಿದೆ. ಹುಡುಕಿಕೊಂಡು ಬಂದ ಅವ್ವ ಹೊಡೆಯಲಿಲ್ಲ, ಬೈಯಲಿಲ್ಲ. ಗಂಟೆ ಕಿತ್ತುಕೊಂಡು ನನ್ನ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದಳು.

ಆಮೇಲೆ ನಾನು ಕತೆ ಓದಲಿಲ್ಲ. ಆ ಪತ್ರಿಕೆಯ ಆ ತಿಂಗಳಿನ ಸಂಚಿಕೆ ಹುಡುಕಿದ್ದರೆ ಎಲ್ಲಾದರೂ ಸಿಗುತ್ತಿತ್ತು. ನಾನು ಹುಡುಕಲಿಲ್ಲ. ಚಂದಕವಾಡಿಯ ಅಜ್ಜಿ ಪ್ರತಿ ಊಟಕ್ಕೂ ಮಗನ ಪಾಲಿನ ಮುದ್ದೆ ತೆಗೆದಿಡುತ್ತಿದ್ದಳು, ಮಾರನೆಯ ದಿನ ಅದು ಹಸುವಿಗೆ. ರಜಕ್ಕೆ ಹೋದಾಗ ಅದನ್ನು ಹಾಕಿ ಬರುವ ಕೆಲಸ ನನ್ನದೇ ಆಗುತ್ತಿತ್ತು. ನನಗೆ ಆ ಹಸುವನ್ನು ಕಂಡರೂ ಆಗುತ್ತಿರಲಿಲ್ಲ.

ಆರೇಳು ವರ್ಷ ಕಳೆದು ಚಾಮರಾಜನಗರದಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿದೆ. ಪಾಠ ಮಾಡಿ ತೋರಿಸಲು ಒಂದು ಶಾಲೆಗೆ ಕಳಿಸಿದರು. ಎರಡನೇ ಕ್ಲಾಸಿನ ಮಕ್ಕಳಿಗೆ ಕತೆ ಹೇಳಬೇಕು, ಬೆಳಿಗ್ಗೆ ಹನ್ನೊಂದಕ್ಕೆ. ಚಿತ್ರ ಬರೆದುಕೊಂಡು, ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮಕ್ಕಳು ಕೈಕಟ್ಟಿ ಕೂತವು. ಮುಂದಿನ ಸಾಲಿನಲ್ಲಿ ಎರಡು ಜಡೆಯ ಸಣ್ಣ ಹುಡುಗಿಯೊಬ್ಬಳಿದ್ದಳು, ಮನೆಯಲ್ಲಿ ಉರ್ದು ಮಾತಾಡುವವಳು. ನನಗೆ ಅದೇನು ಬಡಿಯಿತೋ, “ನಿನಗೆ ಮಾಮ ಇದ್ದಾರಾ?” ಎಂದು ಕೇಳಿಬಿಟ್ಟೆ.

“ಇದ್ದಾರೆ ಮಿಸ್. ಲಾರೀಲಿ ಕೇರಳಕ್ಕೆ ಹೋಗಿದ್ದಾರೆ.”

ಮಾಮ ದಾರಿಯ ಮೇಲಿದ್ದಾರೆ, ಕತೆ ಬೇಡ ಎಂದುಕೊಂಡೆ. ತಿರುಗಿ ಬೋರ್ಡಿನ ಮೇಲೆ ಮಗ್ಗಿ ಬರೆಯತೊಡಗಿದೆ. ಹಿಂದೆ ಕೂತು ಮಾರ್ಕ್ಸ್ ಹಾಕುತ್ತಿದ್ದ ಮೇಷ್ಟ್ರು ಹೊರಗೆ ಕರೆದು, “ಮಕ್ಕಳಿಗೆ ಒಂದು ಕತೆ ಹೇಳೋಕೆ ಬರಲ್ಲ, ಟೀಚರ್ ಕೆಲಸ ಯಾಕಮ್ಮ ನಿಂಗೆ?” ಎಂದರು. ಅವರದೇನೂ ತಪ್ಪಿರಲಿಲ್ಲ. ನಾನು ಟ್ರಂಕು ತೆಗೆದುಕೊಂಡು ಊರಿನ ಬಸ್ಸು ಹತ್ತಿದೆ.

ಮನೆಯಲ್ಲಿ ಅವ್ವ ಒಬ್ಬಳೇ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದಳು. ಅಜ್ಜಿ ತೀರಿಕೊಂಡು ಎರಡು ತಿಂಗಳಾಗಿತ್ತು. ಓದು ಬಿಟ್ಟು ಬಂದೆ ಎಂದೆ. ಯಾಕೆ ಎಂದಳು. ಇಷ್ಟು ವರ್ಷ ಯಾರಿಗೂ ಹೇಳದಿದ್ದನ್ನು ಅವತ್ತು ಹೇಳಿದೆ.

“ಅವತ್ತು ಹಗಲೊತ್ತು ನಾನು ಕತೆ ಏಳ್ದೆ ಕಣವ್ವ. ಅದ್ಕೇ ಮಾವ ಬರ್ನಿಲ್ಲ.”

ಅವ್ವ ಕುಟ್ಟುವುದನ್ನು ನಿಲ್ಲಿಸಲಿಲ್ಲ. “ಗೊತ್ತು” ಎಂದಳು. “ನಾನೂ ಕೇಳ್ತಾ ಕುಂತಿದ್ನಲ್ಲ. ಗದರನ ಅಂತ ಬಾಯ್ಗೆ ಬಂದಿತ್ತು. ಆದ್ರೆ ಕತೇಲಿ ಆ ಕೂಸು ಮೂರ್ನೇ ಬಾಗ್ಲು ಒಳಿಕೆ ಓಗ್ಬುಟ್ಟಿತ್ತು. ಮುಂದೇನಾಯ್ತದೋ ಅಂತ ಸುಮ್ಕಾಗ್ಬುಟ್ಟೆ. ನೀನಾಗ ಮಗ, ನಿಂಗೇನ್ ತಿಳೀತಿತ್ತು. ತಪ್ಪು ಕೇಳ್ದೋಳ್ದು.”

ಒಂದೇ ಸೂರಿನಡಿ, ಒಂದೇ ಒಲೆಯ ಮುಂದೆ, ಅಷ್ಟು ವರ್ಷ ಇಬ್ಬರೂ ಒಂದೇ ಮುಳ್ಳನ್ನು ಬೇರೆಬೇರೆಯಾಗಿ ತುಳಿದುಕೊಂಡು ಓಡಾಡಿದ್ದೆವು. ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆಯೊಳಗೆ ಇದ್ದದ್ದು ಎರಡರಷ್ಟಾಯಿತು ಅಷ್ಟೇ.

ಅವ್ವ ಎದ್ದು ಕೈ ಒರೆಸಿಕೊಂಡು ಒಳಗೆ ಹೋದಳು. ತನ್ನ ಮದುವೆ ಸೀರೆಯಲ್ಲಿ ಸುತ್ತಿಟ್ಟಿದ್ದ ಪತ್ರಿಕೆ ತಂದು ನನ್ನ ಮಡಿಲಿಗೆ ಹಾಕಿದಳು. ಅಂಚು ಹಳದಿಯಾಗಿತ್ತು. ಯಾರೂ ತೆರೆದಿರಲಿಲ್ಲ.

“ಅವ್ನ ಬ್ಯಾಗ್ನಲ್ಲಿತ್ತು. ನಿಂಗೆ ಕೊಟ್ಟಿದ್ರೆ ಓದ್ಬುಡ್ತಿದ್ದೆ. ಕತೆ ಮುಗ್ದೋದ್ರೆ ಅವ್ನು ಬರೋ ದಾರೀನೇ ಮುಚ್ಚೋಯ್ತದೆ ಅಂದ್ಕಂಡೆ. ಮುಗೀದೆ ಇದ್ರೆ ಕೇಳಕಾದ್ರೂ ಬತ್ತಾನೆ ಅಂತ.” ಮತ್ತೆ ಕಲ್ಲಿನ ಮುಂದೆ ಕೂತಳು. “ಓದು.”

“ಇನ್ನೂ ಹಗಲು ಕಣವ್ವ.”

“ಓದಮ್ಮಿ. ದಾರಿ ತಪ್ಪೋಕೆ ಇನ್ಯಾರವ್ರೆ ನಮ್ಗೆ?”

ಓದಿದೆ. ಮೂರೂವರೆ ಪುಟ. ಹುಡುಗಿ ಗಂಟೆ ಆಡಿಸಿದಳು, ಏಳನೇ ಬಾಗಿಲು ತೆರೆಯಿತು, ಒಳಗಿದ್ದವರೆಲ್ಲ ಕಣ್ಣುಜ್ಜಿಕೊಂಡು ಎದ್ದರು. ಎಲ್ಲರೂ ಅವರವರ ಮನೆಗೆ ಬಂದರು ಎಂದು ಮುಗಿದಿತ್ತು.

“ಎಲ್ರೂವಾ?” ಎಂದಳು ಅವ್ವ.

“ಹೂಂ. ಎಲ್ರೂ.”

ಅವಳು ಇನ್ನೊಂದು ಹಿಡಿ ಹಣ್ಣು ಕಲ್ಲಿನ ಮೇಲಿಟ್ಟುಕೊಂಡಳು.