ಗುರುಸಿದ್ದವ್ವ ಹಿಡಿದ ಎಡಗೈ

೧೯೬೧ರಲ್ಲಿ ನಾನು ಧಾರವಾಡದ ಕಾಲೇಜಿನಲ್ಲಿ ಓದುತ್ತಿದ್ದೆ. ನನ್ನೂರು ಸನವಳ್ಳಿಯಿಂದ ಹೋದವನಿಗೆ ಅಲ್ಲಿ ಮಾತಿಗೆ ಒಬ್ಬನೂ ಸಿಗಲಿಲ್ಲ. ಸಂಕಟ ತಡೆಯಲಾಗದಾಗ ನನ್ನ ಎಡಗೈಗೆ ನಾನೇ ಗಾಯ ಮಾಡಿಕೊಳ್ಳುತ್ತಿದ್ದೆ. ಹುಚ್ಚು ಅನ್ನುವವರು ಅನ್ನಲಿ, ಅವರೇನು ನಾನೊಬ್ಬನೇ ಇದ್ದ ಆ ಖೋಲಿಯಲ್ಲಿ ಇದ್ದರೇ?

ರಜೆಗೆ ಊರಿಗೆ ಬಂದಾಗ, ನನ್ನನ್ನು ಸಾಕಿದ ಸೋದರತ್ತೆ ಗುರುಸಿದ್ದವ್ವ ಲಿಂಗಪೂಜೆಗೆ ಪಕ್ಕದಲ್ಲೇ ಕೂರಿಸಿಕೊಂಡಳು. ಇಷ್ಟಲಿಂಗ ಇಟ್ಟುಕೊಳ್ಳುವುದು ಎಡ ಅಂಗೈಯಲ್ಲಿ. ಗಾಯ ಕಾಣದಿರಲೆಂದು ನಾನು ಬಲ ಅಂಗೈಯಲ್ಲಿ ಇಟ್ಟುಕೊಂಡೆ.

"ಎಡಗೈಗೆ ಏನಾತೋ?" ಎಂದಳು.

ಅವಳೇ ಅಂಗಿಯ ತೋಳು ಸರಿಸಿ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಲಿಂಗವನ್ನು ಎಡಗೈಯಲ್ಲಿ ಇಡಿಸಿ, ಪೂಜೆ ಮುಗಿಯುವವರೆಗೆ ಅದರ ಕೆಳಗೆ ತನ್ನ ಕೈ ಹಿಡಿದಳು.

ಧಾರವಾಡಕ್ಕೆ ಮರಳಿ ಒಬ್ಬನೇ ಪೂಜೆಗೆ ಕೂತೆ. ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡೆ. ಗಾಯ ಮಾಡುತ್ತಿದ್ದ ಬಲಗೈಯನ್ನೇ ಅದರ ಕೆಳಗೆ ಹಿಡಿದೆ.