ಅತ್ತೆ ಹಿಮ ನೋಡಿದ ಜುಲೈ

ಆಗೆಲ್ಲ ನಮ್ಮ ಮನೆಯಲ್ಲಿ ರಜೆ ಎನ್ನುವುದು ಶಾಲೆಗೆ ಮಾತ್ರ ಇರುವ ಸಂಗತಿಯಾಗಿತ್ತು. ಶಾಲೆ ಮುಚ್ಚುತ್ತಿತ್ತು, ನಾನೂ ನನ್ನ ತಮ್ಮ ತೇಜುವೂ ಆಸ್ಟ್ರೇಲಿಯಾದ ಬ್ಲ್ಯಾಕ್‌ಟೌನಿನ ಮನೆಯಲ್ಲಿ ಹೀಟರಿನ ಮುಂದೆ ಕಂಬಳಿ ಹೊದ್ದು ಬಿದ್ದಿರುತ್ತಿದ್ದೆವು, ಅಪ್ಪ ಮಾತ್ರ ಎಂದಿನ ಹಾಗೆ ಟೋಸ್ಟ್ ಕಚ್ಚಿಕೊಂಡು ಬೆಳಗಿನ ರೈಲಿಗೆ ಓಡುತ್ತಿದ್ದರು. ಮನೆ ಕೊಂಡ ಮೇಲೆ ನಾಲ್ಕು ವರ್ಷ ಅವರು ಒಂದು ಇಡೀ ವಾರ ನಮ್ಮ ಜೊತೆ ಇದ್ದದ್ದು ನನಗೆ ನೆನಪಿಲ್ಲ. ಎಲ್ಲಿಗಾದರೂ ಹೋಗೋಣ ಎಂದರೆ ‘ಮುಂದಿನ ವರ್ಷ ನೋಡೋಣ’ ಎನ್ನುವರು. ನಮ್ಮ ಹಾಗೆ ಇಲ್ಲಿ ಬೆಳೆದ ಅನೇಕರ ಮನೆಯಲ್ಲೂ ಆ ‘ಮುಂದಿನ ವರ್ಷ’ ಇದ್ದೇ ಇರುತ್ತದೆ.

ನನಗೆ ಹತ್ತು ವರ್ಷವಾಗಿದ್ದಾಗ, ಇಲ್ಲಿಯ ಚಳಿಗಾಲ ಶುರುವಾಗುವ ಜೂನ್ ತಿಂಗಳಲ್ಲಿ, ಅರಸೀಕೆರೆಯಿಂದ ಅತ್ತೆ ಬಂದರು. ಅಪ್ಪನ ಅಕ್ಕ, ಅವರಿಗಿಂತ ಹನ್ನೊಂದು ವರ್ಷ ದೊಡ್ಡವರು. ಅಪ್ಪನ ತಾಯಿ ಬೇಗ ತೀರಿಕೊಂಡಿದ್ದರಿಂದ ಅಪ್ಪನಿಗೆ ತಲೆ ಬಾಚಿ, ಊಟ ಹಾಕಿ, ಕಾಲೇಜಿಗೆ ಕಳಿಸಿದವರು ಅವರೇ. ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಬಂದ ಮೂರನೆಯ ದಿನ ತೇಜುವಿನ ಪುಟ್ಟ ಬಿಳಿ ಬೋರ್ಡಿನ ಮೇಲೆ, ಎಲ್ಲೂ ನೋಡದೆ, ಪೆನ್ನು ಎತ್ತದೆ, ಇಡೀ ಆಸ್ಟ್ರೇಲಿಯಾದ ನಕ್ಷೆ ಬರೆದು, ಕೆಳಗೆ ಟಾಸ್ಮೇನಿಯಾವನ್ನೂ ಇಟ್ಟರು. ತೇಜು ಬಾಯಿ ತೆರೆದುಕೊಂಡು ನಿಂತ. ಈ ದೇಶದಲ್ಲೇ ಹುಟ್ಟಿದ ನಮಗಿಬ್ಬರಿಗೂ ಅದರ ಅಂಚು ಅಷ್ಟು ಚೆನ್ನಾಗಿ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತ ಅಮ್ಮನ ಹತ್ತಿರ ಹೇಳುತ್ತಿದ್ದರು. ಹಿಮನದಿ, ಹಿಮಪಾತ, ಹಿಮರೇಖೆ ಎಂದು ಎಷ್ಟು ಸಾವಿರ ಮಕ್ಕಳಿಗೆ ಪಾಠ ಮಾಡಿದ್ದೇನೋ, ನಾನು ಮಾತ್ರ ಕಂಡದ್ದು ಫ್ರಿಜ್ಜಿನೊಳಗಿನ ಮಂಜುಗಡ್ಡೆಯನ್ನಷ್ಟೇ ಎಂದು. ನಾನು ಬಾಗಿಲ ಹತ್ತಿರವೇ ಇದ್ದೆ. ನನ್ನ ಕ್ಲಾಸಿನ ಅರ್ಧ ಮಕ್ಕಳು ಸ್ನೋ ನೋಡಿ ಬಂದವರು. ರಜೆ ಮುಗಿದ ಮೊದಲ ದಿನ ಅವರ ಮಾತು ಕೇಳಿಸಿಕೊಂಡು ಸುಮ್ಮನಿರುವವರ ಸಾಲಿನಲ್ಲಿ ನಾನು ಪ್ರತಿ ವರ್ಷವೂ ಇರುತ್ತಿದ್ದೆ. ನಾನು ಕೇಳಿದರೆ ಅಪ್ಪ ಒಪ್ಪುವುದಿಲ್ಲ, ಅತ್ತೆ ಕೇಳಿದರೆ ಒಪ್ಪಬಹುದು ಎಂದು ಹೊಳೆಯಿತು. ಒಳಗೆ ಹೋಗಿ ಒಂದು ಸುಳ್ಳು ಹೇಳಿದೆ.

"ಅತ್ತೆ, ಮೆಲ್ಬರ್ನ್‌ಗೆ ಹೋದ್ರೆ ಸ್ನೋ ನೋಡ್ಬಹುದು. ವಿಂಟರ್‌ನಲ್ಲಿ ರೋಡಲ್ಲೆಲ್ಲಾ ಬೀಳತ್ತೆ. ಟ್ರಾಮ್ ಮೇಲೂ."

ಅತ್ತೆ ಕನ್ನಡಕದ ಮೇಲಿಂದ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ರೋಡಲ್ಲಾ?" ಎಂದರು.

"ಹ್ಞೂಂ, ರೋಡಲ್ಲೇ."

"ಹೌದಾ," ಎಂದು ಮತ್ತೆ ಹುರುಳಿಕಾಯಿ ಕೈಗೆತ್ತಿಕೊಂಡರು. ಅಮ್ಮ ಒಗ್ಗರಣೆಯ ಗಲಾಟೆಯಲ್ಲಿದ್ದರು, ಅವರಿಗೆ ಇದೇನೂ ಕೇಳಿಸಲಿಲ್ಲ.

ಅವತ್ತೇ ಊಟಕ್ಕೆ ಕೂತಾಗ ಅತ್ತೆ, ನನಗೆ ಹಿಮ ನೋಡಬೇಕು, ಮಕ್ಕಳ ರಜದಲ್ಲಿ ಮೆಲ್ಬರ್ನಿಗೆ ಕರೆದುಕೊಂಡು ಹೋಗು, ಒಂದು ವಾರ ರಜ ಹಾಕು ಎಂದು ಅಪ್ಪನಿಗೆ ಹೇಳಿದರು. ಅಪ್ಪ ‘ನೋಡೋಣ’ ಎನ್ನಲಿಲ್ಲ. ಅನ್ನ ಕಲಸುವುದನ್ನು ನಿಲ್ಲಿಸಿ, "ಆಯ್ತು ಅಕ್ಕ," ಎಂದರು. ಅಷ್ಟೇ. ಭೂಗೋಳದ ವಿಷಯದಲ್ಲಿ ಅಕ್ಕ ಹೇಳಿದ ಮೇಲೆ ಅವರು ಬೇರೇನೂ ವಿಚಾರಿಸುವವರಲ್ಲ. ನನಗೆ ಕುಣಿಯಬೇಕೆನಿಸಿತು. ಸುಳ್ಳಿನ ಭಯ ಇನ್ನೂ ಹುಟ್ಟಿರಲಿಲ್ಲ.

ಜುಲೈನ ಒಂದು ಶನಿವಾರ ಬೆಳಕು ಹರಿಯುವಾಗ ಐದು ಜನ ನಮ್ಮ ಕಾರಿನಲ್ಲಿ ಹೊರಟೆವು. ನಾನೂ ತೇಜುವೂ ಹಿಂದೆ, ನಡುವೆ ಅತ್ತೆ. ಅಮ್ಮನ ಕಾಲಡಿಯಲ್ಲಿ ಚಪಾತಿ, ಟೊಮೆಟೊ ಗೊಜ್ಜು, ಮೊಸರನ್ನದ ಡಬ್ಬಿಗಳು. ಅತ್ತೆಯ ಮಡಿಲಲ್ಲಿ ಕೋಡುಬಳೆಯ ಡಬ್ಬಿ. ಕಾರಿನ ತುಂಬ ಇಂಗು ಮತ್ತು ಕಾಫಿಯ ವಾಸನೆ. ಮೆಲ್ಬರ್ನ್ ಹತ್ತಿರ ಹತ್ತಿರ ಒಂಬೈನೂರು ಕಿಲೋಮೀಟರ್. ಅಷ್ಟು ದೂರವೂ ಅತ್ತೆ ಒಂದು ಕ್ಷಣ ಕಣ್ಣು ಮುಚ್ಚಲಿಲ್ಲ. ಗೋಲ್ಬರ್ನಿನಲ್ಲಿ ಮೂರು ಅಂತಸ್ತಿನ ಕುರಿಯ ಪ್ರತಿಮೆ ಕಂಡಾಗ, ಮೆರಿನೋ ಉಣ್ಣೆಯ ಪಾಠ ಮಾಡಿದ ಋಣಕ್ಕೆ ಅದರ ಮುಂದೆ ಫೋಟೋ ತೆಗೆಸಿಕೊಂಡರು. ಊರಿನ ಹೆಸರುಗಳ ಆಟ ಆಡಿಸಿದರು: ಒಬ್ಬರು ಹೇಳಿದ ಊರಿನ ಕೊನೆಯ ಅಕ್ಷರದಿಂದ ಇನ್ನೊಬ್ಬರು ಊರು ಹೇಳಬೇಕು. ‘ರ’ ಬಂದಾಗಲೆಲ್ಲ ತೇಜು ನಮ್ಮ ಹತ್ತಿರದ ಬಡಾವಣೆ ‘ರೌಸ್ ಹಿಲ್’ನ ಹೆಸರು ಹೇಳುವನು. ಹೇಳಿದ್ದನ್ನೇ ಹೇಳಬಾರದು ಎಂದರೆ ಅದು ದೊಡ್ಡ ಸಬರ್ಬ್, ಎರಡು ಸಲ ಹೇಳಬಹುದು ಎಂದು ವಾದಿಸುವನು.

ಆಲ್ಬರಿಯ ಹತ್ತಿರ ಅಪ್ಪ, ಮರ್ರೆ ನದಿ ದಾಟುತ್ತಿದ್ದೇವೆ ಎಂದರು. ಅತ್ತೆ ಕಾರು ನಿಲ್ಲಿಸಲು ಹೇಳಿದರು. ದಂಡೆಗೆ ಇಳಿದು, ಚಪ್ಪಲಿ ಬಿಟ್ಟು, ಆ ಕಂದು ನೀರನ್ನು ತಲೆಗೆ ಚಿಮುಕಿಸಿಕೊಂಡರು. ನಮಗೂ ಚಿಮುಕಿಸಿದರು. ನೀರು ಎಷ್ಟು ತಣ್ಣಗಿತ್ತೆಂದರೆ ತೇಜು ಕಿರುಚಿಕೊಂಡು ಕಾರಿಗೆ ಓಡಿದ. ಪ್ರತಿ ವರ್ಷ ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದ ಗೆರೆಯಿದು ಎಂದು ಅತ್ತೆ ನನಗೆ ಹೇಳಿದರು. ಸುಳ್ಳಿನ ಭಯ ನನಗೆ ಹುಟ್ಟಿದ್ದು ಆಗ. ಒಂದು ನದಿಗೆ ಇಷ್ಟು ಸಂತೋಷಪಡುವವರು, ಹಿಮವಿಲ್ಲದ ಊರಿಗೆ ನನ್ನ ಮಾತು ನಂಬಿಕೊಂಡು ಬರುತ್ತಿದ್ದಾರೆ.

ನಾವು ಉಳಿದದ್ದು ಮೆಲ್ಬರ್ನಿನ ಹೊರವಲಯದ ಕ್ಲೈಡ್ ನಾರ್ತ್‌ನಲ್ಲಿ, ಅಪ್ಪನ ಕಾಲೇಜು ಗೆಳೆಯ ಗಿರೀಶ್ ಅಂಕಲ್ ಮನೆಯಲ್ಲಿ. ಮರುದಿನದಿಂದ ಎರಡು ದಿನ ಮೆಲ್ಬರ್ನ್ ಸುತ್ತಿದೆವು. ಮಳೆ, ಗಾಳಿ, ಐದು ನಿಮಿಷ ಬಿಸಿಲು, ಮತ್ತೆ ಮಳೆ. ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ನಿನ ಗಡಿಯಾರಗಳ ಕೆಳಗೆ ನಮ್ಮ ಕೊಡೆ ಉಲ್ಟಾ ಆಯಿತು. ಟ್ರಾಮಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತು ಊರಿಗೂರೇ ನೋಡಿದರು. ಮಾರ್ಕೆಟ್ಟಿನಲ್ಲಿ ಬಿಸಿ ಜಾಮ್ ಡೋನಟ್ ಕಚ್ಚಿ, ಒಳಗಿನ ಜಾಮ್ ನಾಲಿಗೆ ಸುಟ್ಟು, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಬೇಕೆಂದರು. ಸಕ್ಕರೆ ಅವರ ಸ್ವೆಟರಿನ ಮೇಲೆಲ್ಲ ಉದುರಿತ್ತು. ‘ಇದೇ ನಿನ್ನ ಸ್ನೋ’ ಎಂದು ಅಮ್ಮ ತೇಜುವಿಗೆ ತಮಾಷೆ ಮಾಡಿದರು. ಅತ್ತೆಯೂ ತೇಜುವೂ ನಕ್ಕರು, ನಾನು ನಗಲಿಲ್ಲ.

ಎರಡನೆಯ ದಿನ ಸಂಜೆ ಊಟಕ್ಕೆ ಕೂತಾಗ ತೇಜು ಕೇಳಿಯೇಬಿಟ್ಟ, ಅಂಕಲ್, ನಿಮ್ಮ ರೋಡಲ್ಲಿ ಸ್ನೋ ಯಾವತ್ತು ಬೀಳತ್ತೆ ಎಂದು. ಗಿರೀಶ್ ಅಂಕಲ್ ನಕ್ಕು, ಮೆಲ್ಬರ್ನಿನಲ್ಲಿ ಸ್ನೋ ಎಲ್ಲಿಯದು, ಯಾರು ಹೇಳಿದರು ಎಂದರು. ಅಪ್ಪ ಚಮಚ ಕೆಳಗಿಟ್ಟರು. ಆ ಎರಡು ದಿನದಲ್ಲೂ ಆಫೀಸಿನಿಂದ ಅವರಿಗೆ ಫೋನ್ ಬರುತ್ತಲೇ ಇತ್ತು. ಹಾಗಾದರೆ ಇಷ್ಟು ದೂರ ಬಂದದ್ದು ಯಾತಕ್ಕೆ, ರೋಡಲ್ಲಿ ಸ್ನೋ ಬೀಳುತ್ತದೆ ಎಂದು ಮೊದಲು ಹೇಳಿದ್ದು ಯಾರು, ಎಂದು ಅವರೂ ಕೇಳಿದರು. ನಾನು ಕಲಸಿದ ಅನ್ನವನ್ನೇ ಮತ್ತೆ ಕಲಸತೊಡಗಿದೆ.

"ನಾನೇ ಕಣೋ," ಎಂದರು ಅತ್ತೆ. "ಯಾವುದೋ ಹಳೇ ಪುಸ್ತಕ ನೋಡಿ ತಪ್ಪು ತಿಳ್ಕೊಂಡಿದ್ದೆ."

"ನೀನಾ ಅಕ್ಕ? ಭೂಗೋಳದಲ್ಲಿ?"

"ವಯಸ್ಸಾಯ್ತು," ಎಂದು ಅತ್ತೆ ಸಾರು ಬಡಿಸಿಕೊಂಡರು. ನನ್ನ ಕಡೆ ನೋಡಲೂ ಇಲ್ಲ.

ಹಿಮ ಬೇಕಿದ್ದರೆ ಎರಡು ಗಂಟೆ ಪ್ರಯಾಣ, ಲೇಕ್ ಮೌಂಟನ್ ಎಂಬ ಬೆಟ್ಟವಿದೆ, ಇದ್ದರೆ ಅಲ್ಲಿರುತ್ತದೆ ಎಂದರು ಅಂಕಲ್. ಬೆಟ್ಟದ ಬುಡದಲ್ಲಿ ಹಿಮದಲ್ಲಿ ಜಾರದಂತೆ ಕಾರಿನ ಚಕ್ರಕ್ಕೆ ಕಟ್ಟುವ ಚೈನ್ ಬಾಡಿಗೆಗೆ ತೆಗೆದುಕೊಳ್ಳಬೇಕಂತೆ. ಅಪ್ಪ ಅಂಥ ರಸ್ತೆಯಲ್ಲಿ ಎಂದೂ ಓಡಿಸಿದವರಲ್ಲ. ಸುಮ್ಮನೆ ವಾಪಸು ಹೋಗೋಣ ಎನ್ನುವ ಮಾತು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೆ ಅಕ್ಕನ ಮುಖ ನೋಡಿ, ಆಯ್ತು, ನಾಳೆ ಹೋಗೋಣ ಎಂದರು.

ಬೆಳಿಗ್ಗೆ ಎದ್ದಾಗ ಅತ್ತೆ ಆಗಲೇ ಚಿತ್ರಾನ್ನ ಕಲಸಿ, ಫ್ಲಾಸ್ಕಿನ ತುಂಬ ಮೆಣಸಿನ ಸಾರು ತುಂಬಿದ್ದರು. ನಿಜ ಹೇಳಬೇಕೆಂದು ಅವರ ಪಕ್ಕ ಹೋಗಿ ನಿಂತೆ. ಅವರು ನನ್ನ ಕೈಗೆ ಕೊತ್ತಂಬರಿ ಸೊಪ್ಪು ಕೊಟ್ಟು ಬಿಡಿಸಲು ಹೇಳಿದರು.

ದಾರಿಯಲ್ಲಿ ಆಕಾಶಕ್ಕೆ ತಾಗುವ ನೀಲಗಿರಿ ಮರಗಳು, ಅವುಗಳ ಬುಡದಲ್ಲಿ ಕೊಡೆಯಷ್ಟು ಅಗಲದ ಜರಿಗಿಡಗಳು. ಎಲ್ಲದರಿಂದಲೂ ಮಳೆ ತೊಟ್ಟಿಕ್ಕುತ್ತಿತ್ತು. ಚೈನ್ ಬಾಡಿಗೆ ಕೊಟ್ಟವನು, ವಾರದಿಂದ ಬರೀ ಮಳೆ, ಮೇಲೆ ಅಲ್ಲಲ್ಲಿ ಹಳೆಯದು ಸ್ವಲ್ಪ ಉಳಿದಿರಬಹುದು ಎಂದ. ಅಪ್ಪ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಬಂದ ದಾರಿಯತ್ತ ತಿರುಗಿ ನೋಡಿದರು. ಇಷ್ಟು ದೂರ ಬಂದಿದ್ದಾಗಿದೆ, ಬೆಟ್ಟ ಹತ್ತಿಸು ಎಂದರು ಅತ್ತೆ. ಕಾರು ಹತ್ತಿತು. ತಿರುವು ಬಂದಾಗಲೆಲ್ಲ ಅಮ್ಮ ಬಾಗಿಲಿನ ಹಿಡಿ ಹಿಡಿದು ದೇವರ ಹೆಸರು ಹೇಳುತ್ತಿದ್ದರು.

ಮೇಲೆ ಮಂಜು ಕವಿದಿತ್ತು. ಕಾರು ನಿಲ್ಲಿಸುವ ಜಾಗದ ಅಂಚಿನಲ್ಲಿ, ಟಯರಿನ ಮಣ್ಣು ಮೆತ್ತಿದ ಬೂದು ಬಣ್ಣದ ಗುಡ್ಡೆಗಳು. ಅದೇ ಹಿಮವಂತೆ. ತೇಜು ಇಳಿದು ಕಾಲಿನಿಂದ ಒದ್ದು, ಇದಾ ಸ್ನೋ ಎಂದು ಅತ್ತುಬಿಟ್ಟ. ಅತ್ತೆ ಬಗ್ಗಿ ಆ ಕೊಳಕು ಗುಡ್ಡೆಯನ್ನೇ ಬೆರಳಿನಿಂದ ಮುಟ್ಟಿ, ತಣ್ಣಗಿದೆ ಎಂದರು. ಅವರ ಮುಖದಲ್ಲಿ ಬೇಸರ ಹುಡುಕಿದೆ. ಇತ್ತೋ ಇಲ್ಲವೋ ತಿಳಿಯಲಿಲ್ಲ. ಮಳೆ ಜೋರಾಯಿತು. ಐವರೂ ಕಾರೊಳಗೆ ಸೇರಿ ಬಾಗಿಲು ಹಾಕಿಕೊಂಡು ಚಿತ್ರಾನ್ನ ತಿಂದೆವು, ಸಾರನ್ನು ಫ್ಲಾಸ್ಕಿನ ಮುಚ್ಚಳದಲ್ಲಿ ಸರದಿಯಂತೆ ಕುಡಿದೆವು. ಆವಿಗೆ ಕಿಟಕಿಗಳೆಲ್ಲ ಮಸುಕಾದವು. ಮೆಣಸಿಗೆ ಎಲ್ಲರ ಮೂಗೂ ಸೋರುತ್ತಿತ್ತು. ಕಾರಿನ ತಗಡಿನ ಮೇಲೆ ಮಳೆ ಪಟಪಟ ಬಡಿಯುತ್ತಿತ್ತು.

ಆ ಸದ್ದು ನಿಂತುಹೋಯಿತು.

ಮಳೆ ಬಿಟ್ಟಿತೆಂದುಕೊಂಡೆವು. ಅಪ್ಪ ಮುಂದಿನ ಗಾಜನ್ನು ತೋಳಿನಿಂದ ಒರೆಸಿದರು. ಹೊರಗೆ ಏನೋ ಬೀಳುತ್ತಲೇ ಇತ್ತು, ಸದ್ದಿಲ್ಲದೆ. ಬಿಳಿ ಚೂರುಗಳು, ಆತುರವಿಲ್ಲದೆ, ಓರೆಯಾಗಿ. ಎಲ್ಲರಿಗಿಂತ ಮೊದಲು ಬಾಗಿಲು ತೆಗೆದವರು ಅತ್ತೆ. ಸೀರೆಯ ಕೆಳಗೆ ಅಮ್ಮನ ಗಮ್‌ಬೂಟು, ಮೇಲೆ ಅಮ್ಮನ ಕಪ್ಪು ಕೋಟು, ತಲೆಗೆ ಊರಿನಿಂದ ತಂದ ಮಂಕಿ ಟೋಪಿ. ನಡೆದುಹೋಗಿ ಬಯಲಿನ ನಡುವೆ ನಿಂತು ಎರಡೂ ಕೈ ಚಾಚಿದರು.

ನಾನು ಅವರ ಹಿಂದೆಯೇ ಓಡಿದೆ. ಅವರು ತೋಳನ್ನು ನನ್ನ ಕಣ್ಣಿನ ಹತ್ತಿರ ತಂದರು. ಕಪ್ಪು ಉಣ್ಣೆಯ ಮೇಲೆ ಹೆಚ್ಚಿನವು ಒಂದಕ್ಕೊಂದು ಅಂಟಿದ ಚೂರುಗಳು. ಒಂದೆರಡು ಮಾತ್ರ ಬಿಡಿಯಾಗಿ, ಗಾಜಿನ ಹೂವಿನ ಹಾಗೆ.

"ಎಣಿಸು," ಎಂದರು ಪಿಸುಗುಟ್ಟಿ. ಅದು ಕರಗುವುದರೊಳಗೆ ಎಣಿಸಿದೆ. ಆರು ಮೂಲೆ. "ಆರೇ ಅಲ್ವಾ? ಆರೇ ಕಣೆ. ನಾನು ನೋಡದೇನೇ ಹೇಳ್ಕೊಟ್ಟಿದ್ದು ಸರಿಯಾಗೇ ಇತ್ತು." ಅವರ ಕನ್ನಡಕದ ಮೇಲೆಲ್ಲ ಹಿಮ. ಅವರು ಅಳುತ್ತಿದ್ದರೋ ನಗುತ್ತಿದ್ದರೋ ಕಾಣಿಸಲಿಲ್ಲ.

ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅರ್ಧ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ನಾನು. ಅವತ್ತು ಮಾತ್ರ ಬರೀ ಕನ್ನಡವೇ ಬಂತು. "ಅತ್ತೆ, ನಾನು ಸುಳ್ಳು ಹೇಳಿದ್ದೆ."

"ಗೊತ್ತು ಕಣೆ. ಮೆಲ್ಬರ್ನ್ ಎಷ್ಟು ಡಿಗ್ರಿ ಅಕ್ಷಾಂಶದಲ್ಲಿದೆ, ಸಮುದ್ರ ಎಷ್ಟು ಹತ್ತಿರ ಅಂತ ನಂಗೊತ್ತಿಲ್ವಾ? ಅಲ್ಲಿ ರೋಡಲ್ಲಿ ಹಿಮ ಬೀಳತ್ತಾ?"

ಹಾಗಾದರೆ ಅಪ್ಪನಿಗೆ ಯಾಕೆ ಹೇಳಿದಿರಿ ಎಂದು ಕೇಳಿದೆ.

"ನಿಮ್ಮಪ್ಪ ನಗೋದನ್ನ ಬಂದಾಗಿಂದ ನೋಡಿರ್ಲಿಲ್ಲ. ನಾನು ಏನೂ ಕೇಳದೆ ಇದ್ರೆ ಅವನು ರಜ ಹಾಕ್ತಿದ್ನಾ?" ಎಂದರು. ಆಮೇಲೆ ನನ್ನ ಕಿವಿ ಹಿಡಿದು, ಮೆತ್ತಗೆ ತಿರುಚಿ, ಇನ್ನು ಮೇಲೆ ಭೂಗೋಳದಲ್ಲಿ ಸುಳ್ಳು ಹೇಳಬೇಡ, ಸಿಕ್ಕಿಬೀಳುತ್ತೀಯ ಎಂದರು.

ಅಪ್ಪ ಕಾರಿನ ಪಕ್ಕ ನಮಗೆ ಬೆನ್ನು ಮಾಡಿ ನಿಂತಿದ್ದರು. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಅತ್ತೆ ಬಗ್ಗಿದರು, ಹೊಸ ಹಿಮವನ್ನು ಎರಡೂ ಕೈಯಲ್ಲಿ ಬಾಚಿ, ರಾಗಿಮುದ್ದೆ ಕಟ್ಟುವ ಹಾಗೆ ಉಂಡೆ ಕಟ್ಟಿದರು. ಅದು ಸರಿಯಾಗಿ ಅಪ್ಪನ ಕುತ್ತಿಗೆಗೆ ಬಿತ್ತು.

"ಲೋ ರವಿ," ಎಂದು ಕರೆದರು.

ಅಪ್ಪ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ, ಕಾಲರಿನೊಳಗೆ ಹಿಮ ಇಳಿಯುತ್ತಿತ್ತು. ಅವರು ಫೋನನ್ನು ತೆಗೆದು ಕಾರಿನ ಸೀಟಿನ ಮೇಲೆ ಎಸೆದು, ಬಾಗಿಲು ಹಾಕಿ, ನೆಲಕ್ಕೆ ಬಗ್ಗಿದರು. ಮುಂದಿನ ಒಂದು ಗಂಟೆ ನಡೆದದ್ದು ಯುದ್ಧ. ಅಮ್ಮ ಅತ್ತೆಯ ಪಕ್ಷ, ತೇಜು ಯಾರು ಗೆಲ್ಲುತ್ತಾರೋ ಅವರ ಪಕ್ಷ. ಕೈಬೆರಳುಗಳು ಮರಗಟ್ಟಿ ಆಮೇಲೆ ಉರಿಯತೊಡಗಿದವು. ಇಳಿಜಾರಿನಲ್ಲಿ ಅಲ್ಲೇ ಬಾಡಿಗೆಗೆ ತಂದ ಟಬಾಗನ್ ಎಂಬ ಪ್ಲಾಸ್ಟಿಕ್ ಜಾರುಬಂಡಿಯಲ್ಲಿ ಅತ್ತೆಯೂ ಕೂತರು, ಸೀರೆಯ ನೆರಿಗೆ ಮಂಡಿಗೆ ಸಿಕ್ಕಿಸಿಕೊಂಡು, ತೇಜುವನ್ನು ಮುಂದೆ ಕೂರಿಸಿಕೊಂಡು. ಅಪ್ಪ ಹಿಂದಿನಿಂದ ತಳ್ಳಿದರು. ಅವರಿಬ್ಬರೂ ಕೆಳಗೆ ಹೋಗಿ ಒಂದು ಪೊದೆಗೆ ಗುದ್ದಿ ಮಗುಚಿಕೊಂಡಾಗ ಅಪ್ಪ ಹೆದರಿ ಓಡಿದರು. ಅತ್ತೆ ಬಿದ್ದಲ್ಲೇ ಮಲಗಿ, ಇನ್ನೊಂದು ಸಲ ತಳ್ಳೋ ಎಂದರು. ಅಪ್ಪ ಅಲ್ಲೇ ಅವರ ಪಕ್ಕ ಕುಸಿದು ಕೂತು ನಕ್ಕರು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ, ತೇಜುವಿನ ಹಾಗೆಯೇ ಮೂಗಿನಲ್ಲಿ ಸದ್ದು ಮಾಡುತ್ತ ನಕ್ಕರು. ಅಪ್ಪನೂ ಒಬ್ಬರ ಪುಟ್ಟ ತಮ್ಮನಾಗಿದ್ದರು ಎಂದು ನನಗೆ ಮೊದಲ ಬಾರಿ ಗೊತ್ತಾದದ್ದು ಆಗ.

ಅತ್ತೆ ಸೆಪ್ಟೆಂಬರಿನಲ್ಲಿ ಊರಿಗೆ ಹಿಂದಿರುಗಿದರು. ಮತ್ತೆ ಬರಲಿಲ್ಲ, ಮೊದಲು ಮಂಡಿನೋವು, ಆಮೇಲೆ ಹೃದಯದ ತೊಂದರೆ. ಪ್ರತಿ ಭಾನುವಾರ ಫೋನಿನಲ್ಲಿ ನನಗೆ ಕನ್ನಡ ಓದಿಸುತ್ತಿದ್ದರು, ಅದರಿಂದಲೇ ಇವತ್ತು ಇದನ್ನು ಬರೆಯುತ್ತಿದ್ದೇನೆ. ಅವರು ತೀರಿಕೊಂಡು ಆರು ವರ್ಷವಾಯಿತು.

ಈಗ ನಾನು ಇರುವುದು ಮೆಲ್ಬರ್ನಿನಲ್ಲಿ. ಕಳೆದ ಜುಲೈನಲ್ಲಿ ಅಪ್ಪ ಅಮ್ಮ ಬಂದಿದ್ದಾಗ, ಬ್ರಿಸ್ಬೇನಿನಿಂದ ತೇಜುವೂ ಬಂದ. ನಾಲ್ವರೂ ಅದೇ ಬೆಟ್ಟಕ್ಕೆ ಹೋದೆವು. ಆ ಸಲ ಹಿಮ ಧಾರಾಳವಾಗಿತ್ತು. ತೇಜು ಎಷ್ಟು ಕರೆದರೂ ಅಪ್ಪ ಬಯಲಿಗೆ ಇಳಿಯಲಿಲ್ಲ. ಅಂಚಿನಲ್ಲೇ ನಿಂತು ನಮ್ಮ ಫೋಟೋ ತೆಗೆದರು, ಕಾಲು ಜಾರೀತು ಎಂದು ಎಲ್ಲರಿಗೂ ಎಚ್ಚರಿಕೆ ಹೇಳಿದರು, ಅಮ್ಮನ ಶಾಲು ಸರಿಮಾಡಿದರು. ಅವರಿಗೆ ಸಂತೋಷವಾಗಿತ್ತು, ಸುಳ್ಳಲ್ಲ. ಆದರೆ ಅವರನ್ನು ಕೈಹಿಡಿದು ಎಳೆಯಲು ನಮಗೆ ಮನಸ್ಸಾಗಲಿಲ್ಲ. ಅವರು ನಮಗೆ ಅಪ್ಪ, ಅಮ್ಮನಿಗೆ ಗಂಡ. ಅವರನ್ನು ‘ಲೋ ರವಿ’ ಎಂದು ಕರೆಯುವ ದೊಡ್ಡವರು ನಮ್ಮ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ.