ಸೇತುವೆ ದಾಟದ ಪಿಸ್ತೂಲು

ವರ್ಲಿನ್ ಸ್ಟ್ರೌಡ್ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಳ್ಳದೆ ಹಿತ್ತಲಿನ ಕಸದ ಡಬ್ಬಿಯವರೆಗೂ ಹೋಗುವ ಆಸಾಮಿಯಲ್ಲ. ಬೇಕರಿಯ ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುವುದು ಅವನ ಕಸುಬು. ಆ ಬ್ರೆಡ್ಡನ್ನು ದೋಚಲು ಇಷ್ಟು ವರ್ಷದಲ್ಲಿ ಒಬ್ಬನೂ ಬಂದಿರಲಿಲ್ಲ. ಆದರೂ ಅಂಗಿಯ ಕೆಳಗೆ ಆ ಉಬ್ಬು ಇರಲೇಬೇಕು, ಇದೆಯೆಂದು ನಾಲ್ಕು ಜನಕ್ಕೆ ಗೊತ್ತಾಗಲೇಬೇಕು. ಪಿಸ್ತೂಲನ್ನು ಮುಚ್ಚಿಟ್ಟುಕೊಂಡು ಓಡಾಡಲೆಂದು ಸರ್ಕಾರ ಕೊಟ್ಟ ಪರವಾನಗಿಯನ್ನು ಅವನಷ್ಟು ಬಿಚ್ಚಿ ತೋರಿಸಿದವರು ಆ ನದೀತೀರದ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಅವನ ಹೆಂಡತಿ ಒಲೀಟಾ ಮನೆಯ ಮುಂದಿನ ಕೋಣೆಯಲ್ಲಿ ಊರ ಹೆಂಗಸರ ಕೂದಲು ಕತ್ತರಿಸುತ್ತಿದ್ದಳು. ಗಿರಾಕಿಗಳು ಕೂತಿದ್ದಾಗ ಅವನು ಬೇಕೆಂದೇ ಬಂದು, ಕೈ ಎತ್ತಿ ಮೇಲಿನ ಕಪಾಟಿನಿಂದ ಏನಾದರೂ ತೆಗೆಯುತ್ತಿದ್ದ. ಅಂಗಿ ಮೇಲೆ ಸರಿದು ಪಿಸ್ತೂಲು ಕಾಣುತ್ತಿತ್ತು, ಜೊತೆಗೆ ಹೊಟ್ಟೆಯೂ.

ಇಂಥವನು ಮನೆಗೆ ಒಂದು ಕಾನೂನು ಮಾಡಿದ್ದ. ಡ್ರಗ್ಸ್ ಕೇಸಾದವನು ತನ್ನ ಊಟದ ಮೇಜಿಗೆ ಬರಕೂಡದು. ಕಾನೂನು ಹುಟ್ಟಿದ್ದು ಅಳಿಯ ಕೀನನ್‌ಗಾಗಿ. ಮದುವೆಗೆ ಮುಂಚೆ ಆ ಹುಡುಗನ ಕಾರಿನಲ್ಲಿ ಪೊಲೀಸರಿಗೆ ಗಾಂಜಾದ ಪುಟ್ಟ ಪೊಟ್ಟಣ ಸಿಕ್ಕಿತ್ತು. ದಂಡ ಕಟ್ಟಿ ಬಿಡಿಸಿಕೊಂಡಿದ್ದ. ಗಂಡನಿಗೆ ಬಾಗಿಲಿಲ್ಲದ ಮನೆಗೆ ತಾನೂ ಕಾಲಿಡುವುದಿಲ್ಲ ಎಂದು ಮಗಳು ಡಾರ್ಲಾ ಹೊರಟುಹೋಗಿ ನಾಲ್ಕು ವರ್ಷವಾಯಿತು. ನಡುವೆ ಅವಳಿಗೆ ಒಂದು ಹೆಣ್ಣು ಮಗು ಹುಟ್ಟಿತು. ಒಲೀಟಾ ಮೊಮ್ಮಗಳನ್ನು ಫೋನಿನಲ್ಲಿ ನೋಡಿದ್ದಳೇ ಹೊರತು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಮಗಳಿದ್ದದ್ದು ದೂರದೂರಿನಲ್ಲೇನೂ ಅಲ್ಲ, ನದಿಯ ಆಚೆ ದಡದ ರಾಜ್ಯದಲ್ಲಿ. ಈಚೆಯ ಚರ್ಚು ಜನವಿಲ್ಲದೆ ಮುಚ್ಚಿದ ಮೇಲೆ ಗಂಡ ಹೆಂಡತಿ ಪ್ರತಿ ಭಾನುವಾರ ಆಚೆಯ ಚರ್ಚಿಗೇ ಹೋಗುತ್ತಿದ್ದರು. ಈಚೆಯ ಪರವಾನಗಿಗೆ ಆಚೆ ಕವಡೆ ಕಿಮ್ಮತ್ತಿಲ್ಲ. ಹಾಗಾಗಿ ಸೇತುವೆಗೆ ಮುಂಚಿನ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ಗುಂಡು ಬೇರೆ ಪಿಸ್ತೂಲು ಬೇರೆ ಮಾಡಿ, ಡಿಕ್ಕಿಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಪಿಸ್ತೂಲು ಹೊರಬಂದ ಕೂಡಲೇ ಪ್ಯಾಂಟು ಸಡಿಲವಾಗಿ ಜಾರುತ್ತಿತ್ತು. ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಯಾರಾದರೂ ನೋಡಿದರೇನೋ ಎಂದು ಕಳ್ಳನ ಹಾಗೆ ಅತ್ತಿತ್ತ ನೋಡುತ್ತಿದ್ದ. ಒಲೀಟಾಗೆ ವಾರದಲ್ಲಿ ಮನಸ್ಸಿಗೆ ಹಿತವಾಗಿದ್ದ ನೋಟ ಅದೊಂದೇ.

ಪ್ರಾರ್ಥನೆ ಮುಗಿಸಿ ಹೊರಡುವಾಗ ಒಮ್ಮೊಮ್ಮೆ ಅವಳು ಬಾಯಿ ಬಿಡುತ್ತಿದ್ದಳು.

"ಇಲ್ಲಿಂದ ಇಪ್ಪತ್ತೇ ನಿಮಿಷ. ಒಂದು ಸಲ ಹೋಗಿ ಮಗೂನ ನೋಡ್ಕೊಂಡು ಬರೋಣ."

"ಮಗಳು ಮನೆಗೆ ಬರಲಿ. ಬೇಡ ಅಂದೋರ್ಯಾರು? ಆ ಗಾಂಜಾ ಗಿರಾಕಿ ಮುಖ ಮಾತ್ರ ನಾನು ನೋಡಲ್ಲ."

"ದಂಡ ಕಟ್ಟಿದಾನಲ್ಲ ವರ್ಲಿನ್. ಮುಗಿದುಹೋದ ಕಥೆ."

"ಕೇಸು ಅಂದ್ರೆ ಕೇಸೇ. ದಂಡ ಕಟ್ಟಿದ ಮಾತ್ರಕ್ಕೆ ಕಳ್ಳ ಸಾಚಾ ಆಗ್ತಾನಾ?"

ಕಾರು ಸೇತುವೆಯ ಕಡೆ ತಿರುಗುತ್ತಿತ್ತು.

ಆ ಬೇಸಿಗೆಯಲ್ಲಿ ಪಾದ್ರಿಗಳು ಚರ್ಚಿಗೊಂದು ಕಾವಲು ತಂಡ ಕಟ್ಟಬೇಕೆಂದರು. ಪ್ರಾರ್ಥನೆಯ ಹೊತ್ತಿನಲ್ಲಿ ಬಾಗಿಲ ಬಳಿ ನಿಲ್ಲುವವರಿಗೆ ಆ ರಾಜ್ಯದ ಪಿಸ್ತೂಲು ಪರವಾನಗಿ ಇರಬೇಕು. ವರ್ಲಿನ್‌ಗೆ ಮೈಮೇಲೆ ದೇವರೇ ಬಂದಂತಾಯಿತು. ತಂಡಕ್ಕೆ ತಾನೇ ನಾಯಕನೆಂದು ಊರೆಲ್ಲ ಸಾರಿದ. ಹೊರರಾಜ್ಯದವರಿಗೂ ಆಚೆಯ ಪೊಲೀಸ್ ಮುಖ್ಯಸ್ಥ ಷೆರೀಫನ ಕಚೇರಿಯಲ್ಲಿ ಪರವಾನಗಿ ಕೊಡುತ್ತಾರೆಂದು ಅರ್ಜಿ ಹಾಕಿದ. ಬಂದು ಹೋಗಿ ಎಂದು ಕರೆ ಬಂದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೋಟೋ ತೆಗೆಯುತ್ತಾರೆಂದು ಒಲೀಟಾಳಿಂದ ಕೂದಲನ್ನೂ ಕತ್ತರಿಸಿಕೊಂಡು, ಅವಳನ್ನೂ ಕರೆದುಕೊಂಡು ಹೋದ. ಗೆಲ್ಲುವಾಗ ನೋಡಲು ಯಾರಾದರೂ ಬೇಕಲ್ಲ.

ಕಿಟಕಿಯ ಹಿಂದೆ ಕನ್ನಡಕದ ಗುಮಾಸ್ತೆ ಕೂತಿದ್ದಳು.

"ಮಿಸ್ಟರ್ ಸ್ಟ್ರೌಡ್, ನಿಮಗೆ ಪರವಾನಗಿ ಕೊಡೋಕಾಗಲ್ಲ. ನಿಮ್ಮ ಮೇಲೆ ಡ್ರಗ್ಸ್ ಕೇಸಿದೆ."

ವರ್ಲಿನ್ ನಕ್ಕ. "ಬೇರೆ ಯಾವನೋ ಸ್ಟ್ರೌಡ್ ಇರ್ಬೇಕು ನೋಡಮ್ಮ. ನಮ್ಮ ದಾಯಾದಿಗಳಲ್ಲಿ ಅಂಥೋರು ಬೇಕಾದಷ್ಟು ಜನ ಇದಾರೆ."

"ಹತ್ತೊಂಬತ್ತನೇ ವಯಸ್ಸಲ್ಲಿ. ಕಾರ್ ರೇಸ್ ಮೈದಾನ. ಗಾಂಜಾ ಸಿಗರೇಟು, ಒಂದು."

ನಗು ಅರ್ಧದಲ್ಲೇ ನಿಂತಿತು. ಒಲೀಟಾ ಗಂಡನ ಕತ್ತಿನ ಹಿಂಭಾಗ ಕೆಂಪೇರುವುದನ್ನು ನೋಡಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಈ ಮಾತು ಅವಳ ಕಿವಿಗೆ ಬಿದ್ದದ್ದು ಇದೇ ಮೊದಲು.

"ಅದಾ? ಅದು ಬರೀ ಟಿಕೆಟ್ಟು ಕಣಮ್ಮ. ಪೊಲೀಸ್ನೋನು ಬರ್ಕೊಟ್ಟ, ನಾನು ಪೋಸ್ಟಲ್ಲಿ ದಂಡ ಕಳಿಸ್ದೆ. ಕೋರ್ಟಿನ ಮೆಟ್ಟಿಲೂ ಹತ್ತಿಲ್ಲ. ಕಾರನ್ನ ಎಲ್ಲೋ ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ ಕಟ್ಟಲ್ವಾ, ಹಾಗೆ."

"ಇಲ್ಲಿಗೆ ಬರೋರೆಲ್ಲ ಟಿಕೆಟ್ಟು ಅಂತಾನೇ ಹೇಳ್ತಾರೆ. ದಂಡ ಕಳಿಸಿದ್ರೆ ತಪ್ಪು ಒಪ್ಕೊಂಡ ಹಾಗೆ. ಶಿಕ್ಷೆ ಅಂತಾನೇ ಲೆಕ್ಕ."

"ನಮ್ಮ ರಾಜ್ಯದೋರೇ ಕೊಟ್ಟಿದಾರಲ್ಲ?"

"ಅವರು ಇಷ್ಟು ಸಣ್ಣದನ್ನ ಬಿಟ್ಟುಬಿಡ್ತಾರೆ. ನಾವು ಬಿಡಲ್ಲ." ಗುಮಾಸ್ತೆ ಕನ್ನಡಕ ಸರಿಮಾಡಿಕೊಂಡಳು. "ಇನ್ನೊಂದು ವಿಷ್ಯ. ಅರ್ಜೀಲಿ ಡ್ರಗ್ಸ್ ಕೇಸಿದ್ಯಾ ಅಂತ ಕೇಳಿದ್ದಕ್ಕೆ ನೀವು ಇಲ್ಲ ಅಂದಿದೀರಿ. ಸುಳ್ಳು ಹೇಳಿದ್ದಾ, ಮರ್ತಿದ್ದಾ?"

ದನಿ ಇಳಿಸಿದ್ದನ್ನು ಯಾರೂ ಕಂಡಿರದ ವರ್ಲಿನ್ ಸ್ಟ್ರೌಡ್ ದನಿ ಇಳಿಸಿದ. "ಮರ್ತಿದ್ದೆ ಮೇಡಂ," ಎಂದ. ಅಮ್ಮ ಹೋಗಿ ಮೇಡಂ ಆಗಿದ್ದಳು.

ಒಲೀಟಾಗೆ ಒಳಗೊಳಗೇ ಸಂತೋಷ ಉಕ್ಕಿತು. ಗಂಡನ ಮುಖಕ್ಕೆ ಮಂಗಳಾರತಿಯಾಯಿತೆಂದಲ್ಲ, ಅಥವಾ ಬರೀ ಅದಕ್ಕಲ್ಲ. ಇನ್ನು ಯಾವ ಬಾಯಲ್ಲಿ ಕೀನನ್‌ನನ್ನು ಬೈಯುತ್ತಾನೆ? ಕಾರು ಹತ್ತಿದ ಮೇಲೆ ಅವಳು ಮೆಲ್ಲಗೆ ಮಾತು ತೆಗೆದಳು.

"ಹೋಗ್ಲಿ ಬಿಡು. ಹುಡುಗಾಟದ ವಯಸ್ಸು."

"ಅದನ್ನೇ ನಾನೂ ಹೇಳ್ತಿರೋದು. ಒಂದು ಸಿಗರೇಟಿಗೆ ಡ್ರಗ್ಸ್‌ನೋನು ಅಂದ್ಬಿಡೋದಾ? ಅನ್ಯಾಯ ಅಲ್ವಾ ಇದು?"

"ಅನ್ಯಾಯಾನೇ. ಕೀನನ್‌ಗೂ ಆಗಿದ್ದು ಅದೇ ಅನ್ಯಾಯ."

"ಅವನದು ಬೇರೆ."

"ಹೇಗೆ ಬೇರೆ?"

ವರ್ಲಿನ್ ಸೇತುವೆ ಮುಗಿಯುವವರೆಗೂ ಯೋಚಿಸಿದ. "ಅವನು ಕಾರಲ್ಲಿ ಸಿಕ್ಕಾಕೊಂಡಿದ್ದು. ನಾನು ಬಯಲಲ್ಲಿ ನಿಂತಿದ್ದೆ."

ಒಲೀಟಾ ಗಂಡನ ಮುಖ ನೋಡಿದಳು. ತಮಾಷೆಯ ಸುಳಿವೇ ಇಲ್ಲ. ಈ ಮಾತನ್ನು ಅವನು ಮನಸಾರೆ ನಂಬಿದ್ದ. ಇಂಥ ಪೆದ್ದನ ಕಾನೂನಿಗೆ ನಾಲ್ಕು ವರ್ಷ ತಲೆಬಾಗಿದೆನಲ್ಲ ಎಂದು ಅವಳಿಗೆ ಅಸಹ್ಯವಾಯಿತು. ಅಸಹ್ಯ ಗಂಡನ ಮೇಲೆಯೋ ತನ್ನ ಮೇಲೆಯೋ ಎಂದು ಬಿಡಿಸಿ ನೋಡಲು ಹೋಗಲಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ನನ್ನೂ ಆರಿಸದೆ ಅವನು ಇಳಿದ. ಡಿಕ್ಕಿ ತೆಗೆದು, ಗುಂಡು ತುಂಬಿ, ಪಿಸ್ತೂಲನ್ನು ಸೊಂಟಕ್ಕೆ ಸೇರಿಸಿದ. ಪ್ಯಾಂಟು ಬಿಗಿಯಾಯಿತು, ಎದೆ ಉಬ್ಬಿತು, ಕಚೇರಿಯಲ್ಲಿ ಅಡಗಿದ್ದ ದನಿ ವಾಪಸ್ಸು ಬಂತು. "ಚರ್ಚಲ್ಲಿ ಯಾರಾದ್ರೂ ಕೇಳಿದ್ರೆ, ಇನ್ನೂ ಕೈಗೆ ಬಂದಿಲ್ಲ ಅನ್ನು. ಆ ಗಾಂಜಾ ಗಿರಾಕಿ ಕಿವಿಗಂತೂ ಬೀಳ್ಬಾರ್ದು," ಎಂದು ಡಿಕ್ಕಿ ಮುಚ್ಚಿದ.

ಒಲೀಟಾ ಪಕ್ಕಕ್ಕೆ ಸರಿದು ಸ್ಟಿಯರಿಂಗ್ ಮುಂದೆ ಕೂತಳು.

"ಏನಿದು? ಎಲ್ಲಿಗೆ?"

"ಮಗಳ ಮನೆಗೆ."

"ತಲೆ ಕೆಟ್ಟಿದ್ಯಾ? ನಿಲ್ಲು, ನಾನೂ ಹತ್ತಬೇಕು."

"ಅದನ್ನ ಬಿಚ್ಚಿಟ್ಟು ಹತ್ತು. ಈಗಷ್ಟೇ ಮೇಡಂ ಹೇಳಿದ್ದು ಮರ್ತುಹೋಯ್ತಾ?"

ಅವನ ಕೈ ಸೊಂಟಕ್ಕೆ ಹೋಯಿತು. ಪೆಟ್ರೋಲ್ ಹಾಕಿಸುತ್ತಿದ್ದ ಇಬ್ಬರು ಇವರತ್ತ ತಿರುಗಿದ್ದರು. ಅವರೆದುರಿಗೆ ಬಿಚ್ಚುವುದೋ ಬೇಡವೋ ಎಂದು ಅವನು ಮೀನಮೇಷ ಎಣಿಸುತ್ತಿರುವಾಗಲೇ ಕಾರು ಸೇತುವೆ ಏರಿತು.

ಕೀನನ್ ಬಾಗಿಲು ತೆರೆದ. ಗಾರೆ ಕೆಲಸದ ಬೂಟು ಇನ್ನೂ ಕಾಲಲ್ಲೇ ಇತ್ತು. ಅತ್ತೆಯನ್ನು ಕಂಡವನು ಟೋಪಿ ತೆಗೆದು ಎದೆಗೆ ಹಿಡಿದ.

"ಮಿಸೆಸ್ ಸ್ಟ್ರೌಡ್... ಯಾವಾಗಾಯ್ತು?"

ಅವಳಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಡಾರ್ಲಾ ಬಂದಳು. ತಾಯಿಯನ್ನು ನೋಡಿದವಳ ಮುಖ ಬಿಳಿಚಿಕೊಂಡಿತು.

"ಅಮ್ಮಾ, ಅಪ್ಪ ಹೋಗ್ಬಿಟ್ನಾ?"

"ಇಲ್ಲ ಮಗಳೇ. ಇದಾನೆ. ಗುಂಡುಕಲ್ಲಿನ ಹಾಗಿದಾನೆ."

"ಮತ್ತೆ ನೀನು ಹೇಗೆ ಬಂದೆ?"

ಒಲೀಟಾ ಮಗುವನ್ನು ನೋಡಿದಳು. ಮಗು ಈ ಹೊಸಬಳನ್ನು ಕಂಡು ತಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿತು.

"ಕಾರಲ್ಲಿ," ಎಂದಳು. "ಇಪ್ಪತ್ತೇ ನಿಮಿಷ."